ಒಂಬತ್ತು ಸೆಕೆಂಡಿನ ನಂಬಿಗಸ್ತರು

ವಿಶ್ವವಿದ್ಯಾಲಯದ ಮೂರನೇ ಮಹಡಿಯಲ್ಲಿ ಅವಳಿಗೆ ಮಾರ್ಕ್ಸ್ ಮೇಡಂ ಎಂದೇ ಹೆಸರು. ಕೇಳಿದ್ದಕ್ಕೆ ತಾನೇ ಉತ್ತರ ಬರೆದು, ಕೆಳಗೆ ಆಧಾರವೆಂದು ಒಂದೆರಡು ಪುಟಗಳ ಲಿಂಕ್ ಅಂಟಿಸುವ ಎಐ ಹುಡುಕಾಟ ಯಂತ್ರಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿಸುವುದೇ ಅವಳ ನಾಲ್ಕು ವರ್ಷದ ಸಂಶೋಧನೆ. ಅಂಕ ಹಾಕುವ ಜನ ಕಣ್ಣುಮುಚ್ಚಿ ಗುಂಡಿ ಒತ್ತಿಕೊಂಡು ಹೋಗಬಾರದೆಂದು, ಉತ್ತರ ತನಗೆ ಗೊತ್ತಿರುವ ಪ್ರಶ್ನೆಗಳನ್ನು ನಡುನಡುವೆ ಬಲೆಯಂತೆ ಹಾಸುತ್ತಿದ್ದಳು. ಎರಡು ಬಲೆಗೆ ಬಿದ್ದವರ ಅಂಕಗಳೆಲ್ಲ ಕಸದ ಬುಟ್ಟಿಗೆ. ಈ ಒಂದು ಉಪಾಯದ ಮೇಲೆ ಐದು ಪ್ರಬಂಧ ಬರೆದಿದ್ದಳು. ಗುರುವಾರ ಬಡ್ತಿಯ ಸಂದರ್ಶನ.

ಕೊನೇ ಗಳಿಗೆಯಲ್ಲಿ ಅಂಕ ಹಾಕುವವನೊಬ್ಬ ಕೈಕೊಟ್ಟಾಗ ಅಮ್ಮನನ್ನೇ ಕೂರಿಸಿದಳು. ಅಮ್ಮ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನೂ ಮಡಿಕೆ ಬಿಚ್ಚಿ ಓದುವ ಪೈಕಿ.

ಸೋಮವಾರ ಪಟ್ಟಿ ತೆಗೆದರೆ ಅಮ್ಮ ಕಸದ ಬುಟ್ಟಿಯಲ್ಲಿ.

"ಅಮ್ಮಾ, ನೀನು ಫೇಲು."

"ಯಾವುದರಲ್ಲೇ?"

"ಗಮನ ಕೊಡೋದ್ರಲ್ಲಿ."

"ಮೊದಲು ಆ ಹಾಲಿನ ಕಡೆ ಗಮನ ಕೊಡು, ಉಕ್ಕಿ ಹೋಗ್ತಿದೆ."

ಒಲೆ ಒರೆಸುತ್ತಲೇ ಅವಳು ಕೇಳಿದಳು. "ಎಳೇ ಮಗುಗೆ ಜೇನುತುಪ್ಪ ಕೊಡಬಾರದು ಅಂತ ಯಂತ್ರ ಬರೆದಿದೆ. ಸರಿಯಾಗೇ ಇದೆ. ಸೊನ್ನೆ ಯಾಕೆ ಹಾಕ್ದೆ?"

"ಸರಿ ಅಂತ ನಂಗೂ ಗೊತ್ತು ಕಣೆ, ನಿನ್ನ ಸಾಕಿಲ್ವಾ? ಕೆಳಗೆ ಆಧಾರ ಅಂತ ಕೊಟ್ಟಿರೋ ಪುಟ ತೆಗೆದು ನೋಡಿದ್ಯಾ? ಜೇನುಪೆಟ್ಟಿಗೆಗೆ ಬಣ್ಣ ಹೊಡೆಯೋದು ಹೇಗೆ ಅಂತಿದೆ. ಮಗು ಸುದ್ದೀನೇ ಇಲ್ಲ. ಆಧಾರ ಇಲ್ದಿದ್ರೆ ಸೊನ್ನೆ ಅಂತ ಸೂಚನೇಲಿ ಬರೆದೋಳು ನೀನೇ. ಇನ್ನೊಂದೂ ಹಾಗೇ."

ಆ ಪುಟವನ್ನು ಅವಳು ತೆಗೆದೇ ಇರಲಿಲ್ಲ. ಉತ್ತರ ಗೊತ್ತಿದ್ದ ಮೇಲೆ ತೆಗೆಯುವುದೇಕೆ?

ಹಳೆಯ ಕಡತಗಳನ್ನೆಲ್ಲ ಎಳೆದು ಕೂತಳು. ಹೊರಹಾಕಿದ ನಲವತ್ತೊಂದು ಮಂದಿ ಒಂದೊಂದು ಪ್ರಶ್ನೆಗೆ ಎರಡೆರಡು ನಿಮಿಷ ತೆಗೆದುಕೊಂಡಿದ್ದರು. ನಂಬಿಗಸ್ತರೆಂದು ಉಳಿಸಿಕೊಂಡವರು, ಒಂಬತ್ತು ಸೆಕೆಂಡು. ಅಷ್ಟರಲ್ಲಿ ಲಿಂಕ್ ಒತ್ತಿ ಕಣ್ಣಾಡಿಸಲೂ ಆಗದು. ಲಿಂಕ್ ತೆಗೆದು ನೋಡಿದವರನ್ನೇ ಅವಳು ವರ್ಷಗಟ್ಟಲೆ ಹುಡುಕಿ ಹುಡುಕಿ ಆಚೆ ತಳ್ಳಿದ್ದಳು.

"ಸಂದರ್ಶನ ಮುಗೀಲಿ, ಶುಕ್ರವಾರ ಹೇಳು," ಎಂದ ಗಂಡ. "ಶುಕ್ರವಾರ ಹೇಳಿದ್ರೂ ಸತ್ಯ ಸತ್ಯಾನೇ ಅಲ್ವಾ?"

ಅವಳಿಗೂ ಹಾಗೇ ಅನ್ನಿಸಿತ್ತು. ಆದರೆ ಹೋದ ವಾರ ತಮ್ಮ ಮಗುವಿನ ಮೈ ಜ್ವರದಿಂದ ಸುಡುತ್ತಿದ್ದಾಗ, ಔಷಧಿ ಎಷ್ಟು ಕೊಡಬೇಕೆಂದು ತನ್ನ ಪರೀಕ್ಷೆಯಲ್ಲಿ ಮೂರಕ್ಕೆ ಮೂರು ಗಿಟ್ಟಿಸಿದ ಯಂತ್ರವನ್ನೇ ಅವಳು ಕೇಳಿದ್ದಳು. ಆಗಲೂ ಕೆಳಗಿನ ಲಿಂಕ್ ತೆಗೆದಿರಲಿಲ್ಲ. ಅದು ನೆನಪಾಗಿ, ಕಡತಗಳನ್ನೆಲ್ಲ ಗುರುವಾರಕ್ಕೆಂದು ಚೀಲಕ್ಕೆ ತುಂಬಿದಳು.

ಗುರುವಾರ ಸಮಿತಿಯ ಐವರಲ್ಲಿ ನಾಲ್ವರು ಬಿಸ್ಕತ್ತಿನ ತಟ್ಟೆಯನ್ನು ಮೌಲ್ಯಮಾಪನ ಮಾಡುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು.

ಅಧ್ಯಕ್ಷರು ಕನ್ನಡಕ ತೆಗೆದರು. "ಹಾಗಾದ್ರೆ ನಿಮ್ಮ ಐದು ಪ್ರಬಂಧ?"

"ನಾಲ್ಕನ್ನ ವಾಪಸ್ ತಗೋಬೇಕು ಸರ್. ಐದನೇದನ್ನ ಯಾರೂ ಓದಿಲ್ಲ."

ಯಾರೂ ನಗಲಿಲ್ಲ. ಮುಂದಿನ ವಾರ ಪತ್ರ ಬಂತು.

"ಬಡ್ತಿ ಇಲ್ಲ," ಎಂದು ಅದನ್ನು ಮೇಜಿನ ಮೇಲೆ ಎಸೆದು, ಮಗುವನ್ನೆತ್ತಿಕೊಂಡು ಕೂತಳು.

"ಯಾರು ಹೇಳಿದ್ದು?"

"ಪತ್ರದಲ್ಲೇ ಇದೆ, ಮೊದಲನೇ ಸಾಲು."

ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು, ಹಾಳೆ ತಿರುವಿ, ಸಾವಕಾಶವಾಗಿ ಓದಿದರು. ಎರಡು ನಿಮಿಷವಂತೂ ಆಯಿತು.

"ಹಿಂದುಗಡೆ ನೋಡಿದ್ಯಾ? ತಪ್ಪನ್ನ ನೀನೇ ಹೇಳ್ಕೊಂಡಿದ್ದಕ್ಕೆ, ಹೊರಗೆ ಹಾಕಿದವರ ಅಂಕ ಎಲ್ಲಾ ಸೇರಿಸಿ ಹೊಸದಾಗಿ ಲೆಕ್ಕ ಹಾಕಿದ್ರೆ, ಮುಂದಿನ ವರ್ಷ ಮತ್ತೆ ಸಂದರ್ಶನಕ್ಕೆ ಕರೀತಾರಂತೆ."

ಅವಳು ಹಿಂದುಗಡೆ ನೋಡಿರಲಿಲ್ಲ.