ಸೂತಕದಲ್ಲಿ ಪ್ರಮಾಣ

ಅಣ್ಣನ ಫೋನು ಬಂದಾಗ ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಅಪ್ಪ ಬೆಳಿಗ್ಗೆ ಹೋಗಿದ್ದರು. ಬೆಳಿಗ್ಗೆ ಅಂದರೆ ಮೈಸೂರಿನ ಬೆಳಿಗ್ಗೆ. ನಾರ್ತ್ ಕ್ಯಾರೊಲಿನಾದಲ್ಲಿ ಆಗಿನ್ನೂ ಹಿಂದಿನ ರಾತ್ರಿ, ನಾನೂ ನಮ್ಮನೆಯವರೂ ಟಿವಿ ಮುಂದೆ ಕೂತು ಊಟ ಮಾಡುತ್ತಿದ್ದಿರಬೇಕು. ಅಣ್ಣ ಎಲ್ಲ ಮುಗಿಸಿ, ಸ್ಮಶಾನದಿಂದ ಬಂದು, ತಲೆಗೆ ನೀರು ಹಾಕಿಕೊಂಡ ಮೇಲೆ ಫೋನು ಮಾಡಿದ್ದ.

"ಮಲಗಿದ್ದೋರು ಏಳ್ಲೇ ಇಲ್ಲ ಕಣೆ," ಅಂದ. "ನೀನು ಬರೋಕೆ ಎರಡು ದಿನ ಆಗತ್ತೆ, ಅಷ್ಟು ಹೊತ್ತು ಇಟ್ಕೊಳ್ಳೋದು ಬೇಡ ಅಂದ್ರು ಎಲ್ಲಾರೂ."

"ಸರಿ," ಅಂದೆ.

"ನಿಂಗೆ ಮೂರು ದಿನ ಸೂತಕ. ಮದುವೆಯಾದ ಹೆಣ್ಣುಮಗಳಿಗೆ ಅಷ್ಟೇ. ದೇವರದ್ದು ಏನೂ ಮುಟ್ಬೇಡ."

ಅದಕ್ಕೂ ಸರಿ ಅಂದೆ. ಫೋನಿಟ್ಟು ಡಬ್ಬಿಯ ಮುಚ್ಚಳ ಹಾಕಿದೆ. ನಮ್ಮನೆಯವರು ಬಟ್ಟೆ ಗಿರಣಿಯಲ್ಲಿ ಇಂಜಿನಿಯರು, ಬೇಗ ಹೊರಡುವವರು, ಬಾಗಿಲ ಹತ್ತಿರ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಅಪ್ಪ ಹೋದರಂತೆ ಅಂದೆ. ಅವರು ಒಂದೇ ಕಾಲಿನ ಶೂನಲ್ಲಿ ಎದ್ದು ನಿಂತರು.

"ಟಿಕೆಟ್ ನೋಡ್ಲಾ?"

"ಯಾಕೆ? ಎಲ್ಲಾ ಮುಗ್ದಿದೆಯಂತೆ."

"ಇವತ್ತು ಆಫೀಸಿಗೆ ಹೋಗ್ಬೇಡ ಕಣೆ."

"ಮನೇಲಿ ಕೂತು ಏನ್ಮಾಡ್ಲಿ ಹೇಳಿ."

ಹೋದೆ. ಮಧ್ಯಾಹ್ನ ಚಿತ್ರಾನ್ನ ತಿಂದೆ. ರುಚಿಯಾಗಿಯೇ ಇತ್ತು, ಅದಕ್ಕೇ ಸಿಟ್ಟು ಬಂತು. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ ಇಡೀ ಮೈಗೆ ಕೊಟ್ಟ ಹಾಗಿತ್ತು. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ತಬ್ಬಿಕೊಳ್ಳುತ್ತಾರೆ, ಮನೆಗೆ ಊಟ ಕಳಿಸುತ್ತಾರೆ, ಅದರಲ್ಲಿ ಚಿಕನ್ ಇರುತ್ತದೆ. ಯಾರಿಗೆ ಬೇಕು ಆ ಫಜೀತಿ.

ಸೂತಕದಲ್ಲಿ ನನಗೆ ಅಂಥ ನಂಬಿಕೆ ಇತ್ತೆಂದಲ್ಲ. ಅಪ್ಪನಿಗಂತೂ ಇರಲೇ ಇಲ್ಲ. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರು. ಅಜ್ಜಿಯ ತಮ್ಮ ಸತ್ತಾಗ ಅಜ್ಜಿ ಮೂಲೆ ಹಿಡಿದು ಕೂತಿದ್ದರೆ ಅಪ್ಪ ಬೀದಿ ಕೊನೆಯ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಬಂದು, ಬಾಯಿ ಒರೆಸಿಕೊಳ್ಳುತ್ತಾ, "ಅವನಿಗೂ ದೋಸೆ ಅಂದ್ರೆ ಇಷ್ಟ ಇತ್ತಮ್ಮ" ಅಂದಿದ್ದರು. ಅಜ್ಜಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ನಾನೂ ಹೆಚ್ಚುಕಡಿಮೆ ಅಪ್ಪನ ಜಾತಿಯೇ. ಆದರೆ ಆ ಮಂಗಳವಾರ ನನಗೆ ಬೇರೆ ಇನ್ನೇನಿತ್ತು? ಅಣ್ಣನಿಗೆ ಬೆಂಕಿ ಇಡುವುದು ಸಿಕ್ಕಿತು. ಅತ್ತಿಗೆ ಸ್ನಾನ ಮಾಡಿಸಲು ನೀರು ಕಾಯಿಸಿದಳಂತೆ. ಎದುರು ಮನೆಯವರು ಕೂಡ ಬಾಯಿಗೆ ಅಕ್ಕಿಕಾಳು ಹಾಕಿದರು. ಅಪ್ಪನ ಸಾವಿನಲ್ಲಿ ನನ್ನ ಪಾಲಿಗೆ ಬಂದದ್ದು ಆ ಮೂರು ದಿನ ಮಾತ್ರ. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೆ.

ಮರುದಿನ ಬುಧವಾರ ನನ್ನ ಪ್ರಮಾಣವಚನ.

ನಾನು ಕೆಲಸ ಮಾಡುತ್ತಿದ್ದದ್ದು ಒಬ್ಬ ಮುದಿ ವಕೀಲರ ಎರಡು ಕೋಣೆಯ ಆಫೀಸಿನಲ್ಲಿ. ಮನೆ ಮಾರುವ ಪತ್ರ, ಉಯಿಲು, ಇಂಥದೇ ಕೆಲಸ. ಆ ದೇಶದಲ್ಲಿ ನೋಟರಿಯಾಗಲು ವಕೀಲರೇ ಆಗಿರಬೇಕಿಲ್ಲ. ಸಹಿ ಹಾಕುವವರಿಂದ ನಿಜ ಹೇಳಿಸಿ ಮುದ್ರೆ ಒತ್ತುವುದು ಬಂದರೆ ಸಾಕು. ಆದರೂ ಅದೊಂದು ಸರ್ಕಾರಿ ಹುದ್ದೆ. ಕೌಂಟಿ ಅಂದರೆ ಅಲ್ಲಿನ ಜಿಲ್ಲೆ, ಅದರ ಕಚೇರಿಗೆ ಹೋಗಿ, ಬೈಬಲಿನ ಮೇಲೆ ಎಡಗೈ ಇಟ್ಟು, ಬಲಗೈ ಎತ್ತಿ ಪ್ರಮಾಣ ಮಾಡಬೇಕು. ಅದಕ್ಕೊಂದು ಗಡುವು ಬೇರೆ. ನನ್ನ ಗಡುವಿನ ಕೊನೆಯ ದಿನ ಆ ಬುಧವಾರ. ತಪ್ಪಿದರೆ ಮತ್ತೆ ಮೊದಲಿನಿಂದ, ಶುಕ್ರವಾರ ಇದ್ದ ದೊಡ್ಡ ಮನೆಪತ್ರವೂ ವಕೀಲರ ಕೈತಪ್ಪುತ್ತಿತ್ತು.

ಬೈಬಲಿನ ವಿಷಯದಲ್ಲಿ ನನಗೇನೂ ತಕರಾರಿರಲಿಲ್ಲ. ಪಂಚಾಂಗಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಜನ ನಾವು, ಇನ್ನೊಬ್ಬರ ದೇವರ ಪುಸ್ತಕಕ್ಕೆ ಕೈ ಮುಗಿಯಲು ಏನು ಕಷ್ಟ. ಹಾಗಂತ ಮೊದಲೇ ಹೇಳಿದ್ದೆ. ವಕೀಲರಿಗೆ ಅದು ಸಾಲಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ದೇವರ ಮೇಲೆ ಪ್ರಮಾಣ ಮಾಡುವ ಹಕ್ಕಿದೆ, ಈ ಊರಿನವರೂ ಅದನ್ನೊಮ್ಮೆ ಕಣ್ಣಾರೆ ನೋಡಲಿ ಎಂದು ಶಾರ್ಲಟ್‌ಗೆ ಹೋಗಿ, ಅಂಗಡಿಯವರಿಗೆ ಹೇಳಿ ತರಿಸಿ, ಒಂದು ಪುಸ್ತಕ ಕೊಂಡು ತಂದಿದ್ದರು. ರಟ್ಟಿನ ಮೇಲೆ ನಾಲ್ಕು ಬಿಳಿ ಕುದುರೆಯ ರಥ, ಸಾರಥಿಯ ಬೆರಳು ಮೇಲೆ. ನಮ್ಮ ದೇವರ ಮನೆಯಲ್ಲಿ ಇದ್ದದ್ದೂ ಅದೇ. ನಾನು ಆ ದಿನ ತುಂಬ ಸಂತೋಷಪಟ್ಟಿದ್ದೆ.

ಬುಧವಾರ ಕೌಂಟರಿನಲ್ಲಿ ದಪ್ಪನೆಯ ಹೆಂಗಸೊಬ್ಬರಿದ್ದರು, ಕನ್ನಡಕಕ್ಕೆ ಮಣಿಸರ. ಅವರ ಮುಂದೆ ಕರಿಯ ಬೈಬಲು, ಎಲ್ಲರೂ ಕೈಯಿಟ್ಟು ಇಟ್ಟು ರಟ್ಟು ನಡುವೆ ಸವೆದು ಬೆಳ್ಳಗಾಗಿತ್ತು. ವಕೀಲರು ಹೊಸ ಟೈ ಕಟ್ಟಿಕೊಂಡು ಬಂದಿದ್ದರು. ಕಾಗದ ಬಿಚ್ಚಿ ನಮ್ಮ ಪುಸ್ತಕವನ್ನು ಬೈಬಲಿನ ಪಕ್ಕ ಇಟ್ಟು ನನ್ನ ಕಡೆ ಸರಿಸಿದರು. ನಾನು ಎರಡೂ ಕೈ ಹಿಂದಕ್ಕೆ ಎಳೆದುಕೊಂಡೆ.

"ಇವತ್ತು ನಾನು ಮುಟ್ಟುವ ಹಾಗಿಲ್ಲ," ಅಂದೆ.

"ಹೆದರಬೇಡಿ," ಅಂದರು ವಕೀಲರು. "ಇಲ್ಲಿ ಯಾರೂ ನಿಮ್ಮನ್ನು ತಡೆಯೋ ಹಾಗಿಲ್ಲ. ಇದು ನಿಮ್ಮ ಹಕ್ಕು."

"ನಾನೆಲ್ಲಿ ತಡೆದೆ?" ಎಂದರು ಆಕೆ, ಕನ್ನಡಕ ಏರಿಸಿ. "ನಾನಿನ್ನೂ ಬಾಯೇ ತೆಗೆದಿಲ್ಲ."

ವಕೀಲರಿಗೆ ಅಷ್ಟು ಸಾಕಾಯಿತು. ಧರ್ಮ ಸ್ವಾತಂತ್ರ್ಯ, ಸಂವಿಧಾನ, ಈ ದೇಶ ಕಟ್ಟಿದ ಮಹನೀಯರು, ಎಲ್ಲ ಶುರುವಾಯಿತು. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಆಕೆಯ ಮುಖ ಕೆಂಪಾಗುತ್ತಾ ಬಂತು. ಪಾಪ, ಆಕೆ ನನಗೇನು ಮಾಡಿದ್ದರು? ಇಬ್ಬರೂ ಒಳ್ಳೆಯವರೇ, ನನ್ನ ದೇವರ ಸಲುವಾಗಿ ಜಗಳಕ್ಕೆ ನಿಂತಿದ್ದರು. ನನಗೋ ಆ ಪುಸ್ತಕ ಬೆರಳಿಗೆ ತಾಗಿಬಿಟ್ಟರೆ ಎಂಬುದೊಂದೇ ಭಯ. ಸುಮ್ಮನೆ ಕೈಯಿಟ್ಟುಬಿಟ್ಟರೆ ಎಲ್ಲ ಸಲೀಸು. ಅಪ್ಪನೇ ಪಕ್ಕದಲ್ಲಿದ್ದಿದ್ದರೆ, ಪುಸ್ತಕಕ್ಕೂ ಮೈಲಿಗೆಯಾಗತ್ತೇನೇ ಪೆದ್ದಿ, ಇಡು ಕೈ ಅನ್ನುತ್ತಿದ್ದರು. ಅಪ್ಪ ಪಕ್ಕದಲ್ಲಿರಲಿಲ್ಲ. ಅದಕ್ಕೇ ಇಡಲಿಲ್ಲ.

"ನಮ್ಮಪ್ಪ ತೀರಿಕೊಂಡಿದ್ದಾರೆ," ಅಂದೆ. "ನಿನ್ನೆ ಗೊತ್ತಾಯಿತು. ಮೂರು ದಿನ ನಾವು ದೇವರದ್ದೇನೂ ಮುಟ್ಟೋದಿಲ್ಲ. ನಮ್ಮದೂ ಇಲ್ಲ, ನಿಮ್ಮದೂ ಇಲ್ಲ."

ಇಂಗ್ಲಿಷಿನಲ್ಲಿ ಅದನ್ನು ಹೇಳಿದ್ದು ಅದೇ ಮೊದಲು. ಬೇರೆ ಯಾರದೋ ಅಪ್ಪನ ವಿಷಯ ಹೇಳಿದ ಹಾಗಿತ್ತು. ಆಕೆ ಎರಡೂ ಪುಸ್ತಕಗಳನ್ನು ತಮ್ಮ ಕಡೆಗೆ ಎಳೆದುಕೊಂಡು ನನಗೆ ದೂರವಾಗಿ ಇಟ್ಟರು.

"ಕೈ ಎತ್ತಬಹುದಾ?" ಎಂದು ಕೇಳಿದರು.

"ಎತ್ತಬಹುದು."

"ಹಾಗಾದರೆ ಸಾಕು. ಆಣೆ ಇಡೋದೇ ಪಾಪ ಅನ್ನೋ ಕ್ರೈಸ್ತರೂ ಈ ಊರಲ್ಲಿದ್ದಾರೆ. ಅವರಿಗೂ ಹೀಗೇ ಮಾಡೋದು."

ದೇವರ ಹೆಸರು ಬಿಟ್ಟು, ದೃಢವಾಗಿ ಹೇಳುತ್ತೇನೆ ಎಂದಿಷ್ಟೇ ಹೇಳಿಸಿದರು. ಬಲಗೈ ಎತ್ತಿದೆ. ಎಡಗೈ ಏನು ಮಾಡಬೇಕೋ ತಿಳಿಯದೆ ಬ್ಯಾಗಿನ ಪಟ್ಟಿ ಹಿಡಿದುಕೊಂಡೆ. ಒಂದು ನಿಮಿಷದಲ್ಲಿ ಮುಗಿಯಿತು. ಯಾರೂ ತಬ್ಬಿಕೊಳ್ಳಲಿಲ್ಲ. ಅದಕ್ಕಾಗಿ ಆ ಹೆಂಗಸಿಗೆ ನಾನು ಇವತ್ತಿಗೂ ಋಣಿ.

ಕಾರಿನಲ್ಲಿ ವಕೀಲರು ಪುಸ್ತಕವನ್ನು ಹಿಂದಿನ ಸೀಟಿನಲ್ಲಿಟ್ಟಿದ್ದರು. ಅರ್ಧ ದಾರಿಯಲ್ಲಿ, "ಅಪ್ಪನನ್ನು ತುಂಬ ಹಚ್ಚಿಕೊಂಡಿದ್ದಿರಾ?" ಎಂದು ಕೇಳಿದರು. ಇದೆಂಥ ಪ್ರಶ್ನೆ. ಅಪ್ಪ ಅಲ್ವಾ, ಅಂದೆ. ಮನೆಗೆ ಬಿಡಲಾ ಅಂದರು. ಬೇಡ, ಟೈಪ್ ಮಾಡೋದು ತುಂಬಾ ಇದೆ ಅಂದೆ.

ಗುರುವಾರ ಹೇಗೆ ಕಳೆಯಿತೋ ನೆನಪಿಲ್ಲ. ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡರೆ ಸೂತಕ ಕಳೆಯಿತು, ಅಷ್ಟೇ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನಲ್ಲಿಗೆ ಕೈ ಹಾಕಿದವಳು ತಿರುಗಿಸಲಿಲ್ಲ. ನೀರು ಬಿದ್ದ ಮೇಲೆ ನಾನು ಎಲ್ಲರ ಹಾಗೆ. ಮುಟ್ಟಬಾರದ್ದು ಅಂತ ಏನೂ ಇರುವುದಿಲ್ಲ. ಟಬ್ಬಿನ ಅಂಚಿನ ಮೇಲೆ ಕೂತೆ.

ಹೊರಗಿನಿಂದ ನಮ್ಮನೆಯವರು, "ಇವತ್ತಿಗೆ ಶುದ್ಧ ಅಲ್ವಾ? ದೇವರ ಮುಂದೆ ಎಲ್ಲಾ ಜೋಡಿಸಿಡ್ಲಾ?" ಎಂದು ಕೇಳಿದರು.

"ಇಲ್ಲಾರೀ, ಇನ್ನೂ ಒಂದು ದಿನ ಇದೆ," ಅಂದೆ.

ಶುದ್ಧ ಸುಳ್ಳು. ಇನ್ನೊಬ್ಬರಿಂದ ನಿಜ ಹೇಳಿಸುತ್ತೇನೆಂದು ಸರ್ಕಾರದ ಮುಂದೆ ಕೈಯೆತ್ತಿ ಬಂದವಳು. ನಮ್ಮನೆಯವರೋ ಪುರೋಹಿತರ ಮನೆಯಲ್ಲಿ ಬೆಳೆದವರು, ಯಾರಿಗೆ ಎಷ್ಟು ದಿನ ಎಂಬುದು ಅವರಿಗೆ ಬಾಯಿಪಾಠ.

"ಹೌದಾ," ಅಂದರು. "ಹಾಗಾದ್ರೆ ನಾಳೆ."

ಆಗ ಅಳು ಬಂತು.