ಬೀಗರ ಪಂಕ್ತಿ ಮತ್ತು ನನ್ನ ರಜೆ ಅರ್ಜಿ

ನಾನು ಯಾವುದಕ್ಕೂ ತಡವಾಗಿ ಹೋದವಳಲ್ಲ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಹಾಲು ಕಾಯಿಸುವುದಕ್ಕೂ ಒಂದು ವೇಳೆ, ಪತ್ರಿಕೆ ಮಡಿಸಿಡುವುದಕ್ಕೂ ಒಂದು ವೇಳೆ. ಅಪ್ಪ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ಗಂಟೆ ಹೊಡೆದ ಮೇಲೆ ತರಗತಿಗೆ ಹೋಗುವವನು ಮೇಷ್ಟ್ರಲ್ಲ, ಗಂಟೆ ಹೊಡೆಯುವಾಗ ಬಾಗಿಲಲ್ಲಿ ನಿಂತಿರುವವನು ಮೇಷ್ಟ್ರು ಎನ್ನುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಪಾಠ ಹೇಳಿದ ಇಷ್ಟು ವರ್ಷಗಳಲ್ಲಿ ನಾನೂ ಹಾಗೆಯೇ ನಿಂತೆ. ಬೇಗ ಬಂದ ತಪ್ಪಿಗೇ ನನ್ನ ಅರ್ಜಿ ಮೂಲೆಗೆ ಬೀಳುತ್ತದೆಂದು ನನಗೆ ಹೊಳೆಯುವುದಾದರೂ ಹೇಗೆ?

ನಾನು ಕೇಳಿದ್ದು ಸಬ್ಯಾಟಿಕಲ್ ರಜೆ. ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲದರಿಂದ ಅಧ್ಯಾಪಕರನ್ನು ಒಂದು ವರ್ಷ ಬಿಡಿಸಿ, ಸಂಬಳವನ್ನೂ ಕೊಟ್ಟು, ಸಂಶೋಧನೆ ಮಾಡಿಕೊಂಡು ಬನ್ನಿ ಎಂದು ಕಳಿಸುವ ರಜೆ. ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ರಜೆಯಿಂದ ಮರಳಿದ ಮೇಲೂ ಸ್ವಲ್ಪ ಕಾಲದ ಸೇವೆ ಉಳಿದಿರಬೇಕೆಂಬ ನಿಯಮ ನಮ್ಮಲ್ಲಿತ್ತು. ನನಗೆ ನಿವೃತ್ತಿ ಹತ್ತಿರವಾಗಿತ್ತು. ಆ ವರ್ಷ ಸಿಗದಿದ್ದರೆ ಮುಂದಿನ ವರ್ಷ ಕೇಳುವ ಅರ್ಹತೆಯೇ ಇರುತ್ತಿರಲಿಲ್ಲ.

ಆದರೂ ನನ್ನ ನಿದ್ದೆ ಕೆಡಿಸಿದ್ದು ನಿವೃತ್ತಿಯಲ್ಲ, ಬಿನ್ನಿಪೇಟೆಯ ಒಬ್ಬ ಮುದುಕರ ಬಲಗೈ.

ಅಲ್ಲಿ ಒಂದು ಅಶ್ವತ್ಥಕಟ್ಟೆಯ ಮೇಲೆ ಸಂಜೆ ಹೊತ್ತು ಇಬ್ಬರು ಗೆಳೆಯರು ಕೂರುತ್ತಿದ್ದರು. ಒಬ್ಬರು ಎತ್ತರದವರು, ಇನ್ನೊಬ್ಬರು ಗಿಡ್ಡ. ಇಬ್ಬರೂ ಬಟ್ಟೆ ಮಿಲ್ಲಿನಲ್ಲಿ ಎದುರುಬದುರು ಮಗ್ಗಗಳನ್ನು ಓಡಿಸಿದವರು. ಆ ಸದ್ದಿನಲ್ಲಿ ಕಿವಿಗೆ ಬಾಯಿ ಇಟ್ಟರೂ ಮಾತು ಕೇಳುತ್ತಿರಲಿಲ್ಲವಂತೆ. ಹಾಗಾಗಿ ಕೈಯಲ್ಲೇ ಮಾತು. ಮೀಸೆ ಮುಟ್ಟಿಕೊಂಡರೆ ಮೇಸ್ತ್ರಿ ಬರುತ್ತಿದ್ದಾನೆ. ಚಿವುಟಿ ಹಿಡಿದ ಬೆರಳುಗಳನ್ನು ಪಟ್ಟೆಂದು ಎರಡು ಕಡೆಗೆ ಎಳೆದರೆ ನೂಲು ಹರಿಯಿತು, ಬೇಗ ಬಾ. ಎರಡೂ ಅಂಗೈ ಒರೆಸಿಕೊಂಡು ಮುಂದೆ ಚಾಚಿದರೆ ರಜೆ ಕೇಳಬೇಕು. ಮಿಲ್ಲು ಮುಚ್ಚಿತು, ಅದು ನಿಂತ ಜಾಗದಲ್ಲಿ ಅಪಾರ್ಟ್‌ಮೆಂಟುಗಳೂ ಬಂದವು. ಇವರ ಕಿವಿ ಮಗ್ಗಕ್ಕೇ ಹೋಗಿಬಿಟ್ಟಿದ್ದರಿಂದ ಆ ಭಾಷೆ ಮಾತ್ರ ಉಳಿದಿತ್ತು. ಒಂದು ಸಂಜೆ ಅವರು ಒಂದು ಮಾತೂ ಆಡದೆ ಜಗಳವಾಡುತ್ತಿದ್ದುದನ್ನು ನೋಡಿ ನಾನು ತರಕಾರಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟಿದ್ದೆ. ಆಮೇಲೆ ಭಾನುವಾರಗಳಂದು ಹೋಗಿ ಕೂತು ಬರೆದುಕೊಳ್ಳತೊಡಗಿದೆ, ವಿಡಿಯೋ ಮಾಡತೊಡಗಿದೆ. ಆ ಕೈಮಾತು ಬಲ್ಲ ಬೇರೆಯವರು ಯಾರೂ ಉಳಿದಿಲ್ಲವೆಂದು ಇಬ್ಬರೂ ಹೇಳಿದರು.

ಆ ವರ್ಷ ಎತ್ತರದವರ ಬಲಗೈ ನಡುಗತೊಡಗಿತು.

"ಇವನ ಕೈ ತೊದಲ್ತಾ ಇದೆ ಮೇಡಮ್ಮಾ," ಎಂದು ಗಿಡ್ಡನೆಯವರು ಕಿವುಡರ ದೊಡ್ಡ ದನಿಯಲ್ಲಿ ಹೇಳಿದರು. "ನೂಲು ಹರೀತು ಅಂದ್ನೋ, ಮೇಸ್ತ್ರಿ ಬಂದ ಅಂದ್ನೋ, ನಂಗೇ ಗೊತ್ತಾಗಲ್ಲ."

"ನಿಂಗೆ ಅವತ್ತೂ ಗೊತ್ತಾಗ್ತಿರ್ಲಿಲ್ಲ ಬಿಡಲೇ," ಎಂದರು ಎತ್ತರದವರು.

ನಗುತ್ತಲೇ ಹೇಳಿದರು. ಆದರೆ ಅವರ ನಡುಕ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲವೆಂದು ಡಾಕ್ಟರು ಆಗಲೇ ಹೇಳಿದ್ದರು. ಭಾನುವಾರಗಳನ್ನು ನಂಬಿಕೊಂಡು ಕೂತರೆ ಭಾಷೆ ಕೈಯಿಂದ ಉದುರಿಹೋಗುತ್ತಿತ್ತು. ನನಗೆ ವಾರದ ಎಲ್ಲ ದಿನಗಳೂ ಬೇಕಾಗಿದ್ದವು.

ಆ ವರ್ಷದ ರಜೆಗೆ ಅರ್ಜಿ ಕರೆಯುತ್ತಾರೆಂದು ಕಿವಿಗೆ ಬಿದ್ದ ಮಾರನೆಯ ದಿನವೇ ಅರ್ಜಿ, ಯೋಜನೆಯ ವಿವರ, ಸೇವಾ ದಾಖಲೆ ಎಲ್ಲ ಜೋಡಿಸಿ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಆಡಳಿತ ಕಚೇರಿಗೆ ಕೊಟ್ಟೆ. ಸ್ವೀಕೃತಿಯ ಮುದ್ರೆಯನ್ನೂ ಪಡೆದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತೆಂದುಕೊಂಡೆ. ಸುತ್ತೋಲೆ ಆಮೇಲೆ ಬಂತು. ನಾನು ಅದನ್ನು ಓದಿ ಪಕ್ಕಕ್ಕಿಟ್ಟೆ. ಅರ್ಜಿ ಕೊಡಲು ಕೊನೆಯ ದಿನ, ಸುಮ್ಮನೆ ಒಂದು ಸಲ ವಿಚಾರಿಸೋಣವೆಂದು ಕಚೇರಿಗೆ ಹೋದೆ. ಅಲ್ಲಿನ ಸೂಪರಿಂಟೆಂಡೆಂಟ್ ಕನ್ನಡಕ ಮೇಲಕ್ಕೆ ಸರಿಸಿ ನೋಡಿದರು.

"ನಿಮ್ಮ ಹೆಸರಿಲ್ವಲ್ಲ ಮೇಡಂ."

"ಎಲ್ಲರಿಗಿಂತ ಮುಂಚೆ ಕೊಟ್ಟಿದೀನಿ ನಾನು."

"ಅದೇ ಆಗಿರೋದು ನೋಡಿ. ಸುತ್ತೋಲೆ ಹೊರಡೋಕ್ಕಿಂತ ಮುಂಚೆ ಕೊಟ್ಟಿದೀರಿ. ಕರೆಯೋಕ್ಕೆ ಮುಂಚೆನೇ ಬಂದು ಎಲೆ ಮುಂದೆ ಕೂತ್ರೆ ಬಡಿಸ್ತಾರಾ?"

"ಈಗ ಕರೆದಿದೀರಲ್ಲ. ಅದನ್ನೇ ತಗೊಳ್ಳಿ."

"ಆಗಲ್ಲ ಮೇಡಂ. ಹೊಸ ಅರ್ಜಿ, ಇವತ್ತಿನ ತಾರೀಖು, ಮುಖ್ಯಸ್ಥರ ಹೊಸ ಸಹಿ. ಕೌಂಟರ್ ಮುಚ್ಚೋದ್ರೊಳಗೆ ತಂದ್ಬಿಡಿ. ನಾಳೆ ತಂದ್ರೆ ನನ್ನ ಕೈಲಿ ಏನೂ ಇಲ್ಲ."

ಆಕೆ ಒರಟಾಗೇನೂ ಹೇಳಲಿಲ್ಲ. ಆದರೆ ನಮ್ಮ ಮುಖ್ಯಸ್ಥರು ಅಂದು ರಜೆಯಲ್ಲಿದ್ದರು. ವಿಶ್ವೇಶ್ವರಪುರಂನ ಕಲ್ಯಾಣ ಮಂಟಪದಲ್ಲಿ ಅವರ ಅಕ್ಕನ ಮಗಳ ಮದುವೆ. ಹಿಂದಿನ ಸಂಜೆ ಆರತಕ್ಷತೆಗೆ ಹೋಗಿ ಮುಯ್ಯಿ ಕೊಟ್ಟು ಬಂದಿದ್ದೆ. ಈಗ ಫೋನ್ ಮಾಡಿದರೆ ಅವರು ತೆಗೆಯಲಿಲ್ಲ.

ವಿಭಾಗಕ್ಕೆ ಓಡಿ ಹೊಸ ಅರ್ಜಿ ಮುದ್ರಿಸಿದೆ. ಬೀರುವಿನಿಂದ ಮುಖ್ಯಸ್ಥರ ಮೊಹರು, ಇಂಕ್ ಪ್ಯಾಡ್ ತೆಗೆದು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡೆ. ಯಜಮಾನರಿಗೆ ಫೋನ್ ಮಾಡಿ, ಸ್ಕೂಟರ್ ತಗೊಂಡು ಮಂಟಪದ ಬಾಗಿಲಿಗೆ ಬನ್ನಿ ಎಂದೆ.

"ನಿನ್ನೆ ತಾನೆ ಉಂಡು ಬಂದ್ವಲ್ಲೇ! ಇವತ್ತೂ ಹೋದ್ರೆ ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ. ನೀವು ಗಾಡಿ ತೆಗೀರಿ."

ಆಟೋದಲ್ಲಿ ಕೂತು ಮಂಟಪ ತಲುಪುವಷ್ಟರಲ್ಲಿ ಮುಹೂರ್ತ ಮುಗಿದು ಊಟದ ಮನೆಯಲ್ಲಿ ಗದ್ದಲವೆದ್ದಿತ್ತು. ನಮ್ಮ ಮುಖ್ಯಸ್ಥರು ಅಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು ಸಾಲಿನ ನಟ್ಟನಡುವೆ ಕೂತಿದ್ದರು. ಎರಡೂ ಪಕ್ಕಕ್ಕೆ ಗಂಡಿನ ಕಡೆಯ ಹಿರಿಯರು. ಅದು ಬೀಗರ ಪಂಕ್ತಿ. ಹುಡುಗಿಯ ಸೋದರಮಾವ ಬೀಗರ ಜೊತೆ ಎಲೆ ಮುಂದೆ ಕೂತ ಮೇಲೆ, ಅವರು ಏಳುವ ಮೊದಲು ಏಳುವಂತಿಲ್ಲ. ಎದ್ದರೆ ಮದುವೆ ಮುಗಿದು ಎಷ್ಟೋ ಕಾಲದವರೆಗೂ ಆ ಮಾತು ಹುಡುಗಿಯ ತಲೆಯ ಮೇಲೆ ಬೀಳುತ್ತದೆ. ಇದು ನನಗೂ ಗೊತ್ತು. ಅಲ್ಲದೆ ಅವರ ಬಲಗೈ ಎಂಜಲಾಗಿತ್ತು.

ಬಗ್ಗಿ ಕಿವಿಯ ಹತ್ತಿರ ವಿಷಯ ಹೇಳಿದೆ. ನನ್ನ ಹಳೆಯ ವಿದ್ಯಾರ್ಥಿ ಅವರು. ಈಗಲೂ ನನ್ನನ್ನು ಕಂಡರೆ ಸ್ವಲ್ಪ ಅಂಜಿಕೆ.

"ಎಡಗೈಲಿ ಹಾಕ್ಬಿಡ್ಲಾ ಮೇಡಂ?"

"ಬೇಡಪ್ಪಾ. ಸಹಿ ಹೊಂದಲ್ಲ ಅಂತ ಇನ್ನೊಂದು ಸಲ ವಾಪಸ್ ಕಳಿಸ್ತಾರೆ."

"ಹಾಗಾದ್ರೆ ಒಂದೈದು ನಿಮಿಷ. ಮಜ್ಜಿಗೆ ಬಂದ್ಬಿಡತ್ತೆ."

ಮಜ್ಜಿಗೆ ಬರಲಿಲ್ಲ, ಹೋಳಿಗೆ ಬಂತು. ಹೋಳಿಗೆಯ ಹಿಂದೆ ತುಪ್ಪ, ತುಪ್ಪದ ಹಿಂದೆ ಮತ್ತೆ ಹೋಳಿಗೆ. ಸಾಲಿನ ತುದಿಯಲ್ಲಿದ್ದ ಗಂಡಿನ ತಾತ ಒಂದು ತುತ್ತು ನುಂಗಿ, ಕಣ್ಣು ಮುಚ್ಚಿ, ಇನ್ನೊಂದು ತುತ್ತಿಗೆ ಯೋಚಿಸುತ್ತಿದ್ದರು. ಅಷ್ಟರಲ್ಲಿ ಯಾರೋ ಹಿರಿಯ ಹೆಂಗಸು ನನ್ನ ತೋಳು ಹಿಡಿದು, "ನಿಂತ್ಕೊಂಡು ನೋಡ್ಬಾರ್ದು ಕಣ್ರೀ, ದೃಷ್ಟಿಯಾಗತ್ತೆ. ಎಲೆ ಹಾಕಿದೆ, ಬನ್ನಿ," ಎಂದು ಎದುರು ಸಾಲಿನಲ್ಲಿ ಕೂರಿಸಿಯೇಬಿಟ್ಟರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಎಲೆಗೆ ಉಪ್ಪು ಬಿತ್ತು, ಕೋಸಂಬರಿ ಬಿತ್ತು. ಬಲಗೈಯಿಂದ ಏನನ್ನೂ ಮುಟ್ಟಲಿಲ್ಲ. ಅರ್ಜಿ ಹಿಡಿಯುವ ಕೈ ಅದು.

ಗೋಡೆಯ ಗಡಿಯಾರ ನನ್ನ ನೇರಕ್ಕೇ ಇತ್ತು. ನೋಡಬಾರದೆಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಪ್ರತಿ ಸಲವೂ ಎತ್ತರದವರ ಕೈ ಕಣ್ಣಿಗೆ ಬರುತ್ತಿತ್ತು. ಕಟ್ಟೆಯ ಮೇಲೆ ಆ ಕೈ ಶುರು ಮಾಡಿ ಮುಗಿಸಲಾಗದೆ ಬಿಟ್ಟ ಮಾತುಗಳು. ಬಕೆಟ್ಟುಗಳ ಸದ್ದು, ಬಡಿಸುವವರ ಕೂಗು, ಮಕ್ಕಳ ಅಳು. ಆ ಗಲಾಟೆಯಲ್ಲಿ ಎದುರು ಸಾಲಿಗೆ ನನ್ನ ದನಿ ಹೇಗೆ ಮುಟ್ಟೀತು? ಮುಖ್ಯಸ್ಥರು ಒಮ್ಮೆ ನನ್ನತ್ತ ನೋಡಿದಾಗ, ನನಗೇ ತಿಳಿಯದೆ ನನ್ನ ಎರಡೂ ಕೈ ಮೇಲೆದ್ದವು. ಚಿವುಟಿದ ಬೆರಳುಗಳನ್ನು ಪಟ್ಟೆಂದು ಎಳೆದೆ. ನೂಲು ಹರೀತು, ಬೇಗ ಬಾ.

ಅವರು ಅರ್ಥವಾಯಿತೆಂಬಂತೆ ಗಟ್ಟಿಯಾಗಿ ತಲೆಯಾಡಿಸಿದರು. ಬಡಿಸುವವನನ್ನು ಕೂಗಿದರು.

"ಲೋ, ಅಲ್ನೋಡು, ನಮ್ಮ ಮೇಡಂಗೆ ಹಪ್ಪಳ ಬೇಕಂತೆ!"

ನನ್ನ ಎಲೆಗೆ ಎರಡು ಹಪ್ಪಳ ಬಿದ್ದವು.

ಕೊನೆಗೂ ಮಜ್ಜಿಗೆ ಬಂತು. ತಾತ ಕೈ ತೊಳೆಯಲು ಎದ್ದರು, ಸಾಲು ಎದ್ದಿತು. ಮುಖ್ಯಸ್ಥರು ಓಡಿಬಂದು ಶಲ್ಯಕ್ಕೇ ಕೈ ಒರೆಸಿಕೊಂಡು, ತಾಂಬೂಲದ ಚೀಲಗಳನ್ನು ಇಟ್ಟಿದ್ದ ಮೇಜಿನ ಮೇಲೆ ಸಹಿ ಹಾಕಿದರು. ಮೊಹರನ್ನು ನಾನೇ ಒತ್ತಿದೆ. "ಊಟ ಮಾಡ್ಲೇ ಇಲ್ವಲ್ಲ ಮೇಡಂ," ಎಂದು ಅವರು ಪೇಚಾಡುತ್ತಿರುವಾಗಲೇ ಬಾಗಿಲಿಗೆ ಬಂದೆ. ಸ್ಕೂಟರ್ ನಿಂತಿತ್ತು. ಯಜಮಾನರಿರಲಿಲ್ಲ.

ಮತ್ತೆ ಒಳಗೆ ಹೋಗಿ ನೋಡಿದರೆ ಮುಂದಿನ ಪಂಕ್ತಿಯಲ್ಲಿ ಎಲೆಗೆ ನೀರು ಚಿಮುಕಿಸಿಕೊಂಡು ಕೂತಿದ್ದರು.

"ನಾನು ಬೇಡ ಅಂದೆ ಕಣೇ. ಬಾಗಿಲಿಗೆ ಬಂದೋರು ಹಾಗೇ ಹೋಗ್ಬಾರ್ದು ಅಂತ ಎಳಕೊಂಡು ಬಂದ್ರು."

"ಏಳ್ಬೇಡಿ. ಚೆನ್ನಾಗಿ ಉಣ್ಣಿ," ಎಂದು ಅವರ ಜೇಬಿನಿಂದ ಕೀಲಿ ತೆಗೆದುಕೊಂಡೆ.

ಆ ದಾರಿಯುದ್ದಕ್ಕೂ ಪ್ರತಿ ಸಿಗ್ನಲ್ಲೂ ನನಗಾಗಿಯೇ ಕೆಂಪಾಗುತ್ತಿದೆ ಅನ್ನಿಸಿತು. ಸ್ಕೂಟರನ್ನು ಅಷ್ಟು ಜೋರಾಗಿ ನಾನು ಯಾವತ್ತೂ ಓಡಿಸಿದವಳಲ್ಲ. ಕಚೇರಿ ಮುಟ್ಟಿದಾಗ ಸೂಪರಿಂಟೆಂಡೆಂಟ್ ಕೈಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದರು. ಅರ್ಜಿ ನೋಡಿದರು, ತಾರೀಖು ನೋಡಿದರು, ಮುದ್ರೆ ಒತ್ತಿದರು.

"ಇದೇನು ಮೇಡಂ, ತುಪ್ಪದ ವಾಸನೆ?"

"ಸಹಿಯದು," ಎಂದೆ.

ಆಮೇಲೆ ಕಾಯುವ ಕಾಲ. ಪರಿಶೀಲನಾ ಸಮಿತಿ ಸೇರುತ್ತದೆ ಎಂದರು, ಮುಂದೂಡಿದೆ ಎಂದರು, ಮತ್ತೆ ಸೇರುತ್ತದೆ ಎಂದರು. ಮನೆಯಲ್ಲಿ ಹಾಲು ಎರಡು ಸಲ ಉಕ್ಕಿತು. ನಮ್ಮ ಮನೆಯಲ್ಲಿ ಹಾಲು ಉಕ್ಕುವುದೆಂದರೆ ಸಣ್ಣ ಸುದ್ದಿಯಲ್ಲ. ಭಾನುವಾರ ಕಟ್ಟೆಗೆ ಹೋದಾಗ ಎತ್ತರದವರು ಎಡಗೈಯಿಂದ ಬಲಗೈ ಹಿಡಿದುಕೊಂಡು ಮಾತಾಡಲು ಕಲಿಯುತ್ತಿದ್ದರು.

ಒಂದು ಮಧ್ಯಾಹ್ನ ಆದೇಶ ಬಂತು. ರಜೆ ಮಂಜೂರಾಗಿತ್ತು. ಆದರೆ ಚಾಲ್ತಿ ಸೆಮಿಸ್ಟರಿನ ಪಾಠ, ಪರೀಕ್ಷೆ, ಮೌಲ್ಯಮಾಪನ ಮುಗಿದ ಮೇಲೆ, ಹೊಸ ಶೈಕ್ಷಣಿಕ ವರ್ಷದಿಂದ. ಎಂದರೆ ಇನ್ನೂ ತಿಂಗಳುಗಳು. ಸಿಕ್ಕಿತು ಎಂದು ಕೂತುಕೊಳ್ಳಲೂ ಆಗಲಿಲ್ಲ, ಸಿಗಲಿಲ್ಲ ಎಂದು ಅಳಲೂ ಆಗಲಿಲ್ಲ. ಅಂದು ಭಾನುವಾರವಲ್ಲ. ಆದರೂ ಸಂಜೆ ಬಿನ್ನಿಪೇಟೆಗೆ ಹೋದೆ.

ಹೇಳುವುದನ್ನು ಅವರ ಭಾಷೆಯಲ್ಲೇ ಹೇಳೋಣವೆಂದು ಅಂಗೈಗಳನ್ನು ಒರೆಸಿಕೊಂಡು ಮುಂದೆ ಚಾಚಿದೆ, ರಜೆ ಕೇಳಿದೆ. ಅಲ್ಲಿಗೆ ಕೈ ನಿಂತಿತು. ಮುಂದಿನದು ಗೊತ್ತಿರಲಿಲ್ಲ.

"ಸಿಕ್ತು ಅನ್ನೋದಕ್ಕೆ ಹೇಗೆ ಮಾಡೋದು?" ಎಂದು ಗಟ್ಟಿಯಾಗಿ ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಗಿಡ್ಡನೆಯವರು ಜೋರಾಗಿ ನಕ್ಕರು. "ಅದಕ್ಕಿಲ್ಲ ತಾಯಿ. ರಜೆ ಕೇಳೋದಕ್ಕೆ ಇದೆ, ಸಿಗ್ಲಿಲ್ಲ ಅನ್ನೋದಕ್ಕೂ ಇದೆ. ಸಿಕ್ಕೋನು ಮನೇಲಿರ್ತಿದ್ದ. ಮಗ್ಗದ ಹತ್ರ ನಿಂತು ಹೇಳೋನು ಯಾರು?"

ಎತ್ತರದವರು ನಗಲಿಲ್ಲ. "ಯಾವಾಗಿಂದ?" ಎಂದರು.

ಹೇಳಿದೆ.

ಅವರು ನಡುಗುವ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಅದುಮಿಟ್ಟುಕೊಂಡರು. "ಬೆಳಿಗ್ಗೆ ಹೊತ್ತು ಇದು ಸ್ವಲ್ಪ ಸುಮ್ನಿರತ್ತೆ ಮೇಡಮ್ಮಾ. ಮಾತ್ರೆ ನುಂಗಿರ್ತೀನಲ್ಲ," ಎಂದರು. "ನೀವು ಕಾಲೇಜಿಗೆ ಎಷ್ಟೊತ್ತಿಗೆ ಹೊರಡ್ತೀರಾ?"

ಮಾರನೆಯ ಬೆಳಿಗ್ಗೆ ಹಾಲು ಕಾಯಿಸುವ ಕೆಲಸವನ್ನು ಯಜಮಾನರಿಗೆ ಒಪ್ಪಿಸಿ ಹೊರಟೆ. ನಾನು ಹೋದಾಗ ಕಟ್ಟೆ ಖಾಲಿಯಿತ್ತು. ಕ್ಯಾಮೆರಾ ನಿಲ್ಲಿಸಿ, ಅವರು ಕೂರುವ ಜಾಗದ ಮೇಲಿನ ಎಲೆಗಳನ್ನು ಗುಡಿಸಿ ಕಾದೆ. ಬೀದಿಯ ತಿರುವಿನಲ್ಲಿ ಇಬ್ಬರೂ ಕಾಣಿಸಿಕೊಂಡರು. ಅಷ್ಟು ದೂರದಿಂದಲೇ ಎತ್ತರದವರು ನನ್ನನ್ನು ಕಂಡು ಕೈ ಎತ್ತಿ ಮೀಸೆ ಮುಟ್ಟಿಕೊಂಡರು. ಕೈ ನಡುಗಲಿಲ್ಲ. ಮೇಸ್ತ್ರಿ ಆಗಲೇ ಬಂದು ನಿಂತಿದ್ದಾನೆ ಎಂದು ಗೆಳೆಯನಿಗೆ ಹೇಳುತ್ತಿದ್ದರು. ನಾನು ಕ್ಯಾಮೆರಾದ ಗುಂಡಿ ಒತ್ತಿದೆ.