ಖಾಲಿ ಕಳಿಸಬಾರದ ಬಟ್ಟಲು

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಮೂರು ವಾರದಿಂದ ನಮ್ಮದಲ್ಲದ ಒಂದು ಸ್ಟೀಲಿನ ಬಟ್ಟಲು ಬೋರಲು ಬಿದ್ದಿತ್ತು. ಅದರ ತಳದಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು ಪಕ್ಕದ ಮನೆಯ ಮೇರಿ ಮಾವಶಿಯದು. ಅರಿಶಿನದೆಲೆಯಲ್ಲಿ ಬೇಯಿಸಿದ ಸಿಹಿ ಕಡುಬು ತುಂಬಿಕೊಂಡು ಅದು ಬಂದಿತ್ತು. ಕಡುಬು ಅಂದೇ ಮುಗಿದವು, ಬಟ್ಟಲು ಮಾತ್ರ ಎದ್ದು ಹೋಗಲೊಲ್ಲದ ನೆಂಟನಂತೆ ಅಲ್ಲಿಯೇ ಉಳಿಯಿತು.

ನಿಮ್ಮ ಮನೆಯಲ್ಲೂ ಈ ಪದ್ಧತಿ ಇದ್ದೀತು: ಬಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಆದರೆ ನಮ್ಮವ್ವನ ಪ್ರಕಾರ ಸಕ್ಕರೆ ಹಾಕಿ ಕಳಿಸುವುದು ಗುರುತಿಲ್ಲದವರಿಗೆ. ಮೇರಿ ಮಾವಶಿಗೆ ಹೋಗಬೇಕಾದದ್ದು ಅವ್ವನ ಕೈಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅದೂ ಗೋಪುರವಾಗಿ ಮೇಲೆದ್ದು ನಿಲ್ಲುವಷ್ಟು. ದಾಂಡೇಲಿಗೆ ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದ ವರ್ಷದಿಂದ ಇದು ನಡೆದಿದೆ. ಮಾವಶಿ ಕಡುಬು ಕಳಿಸುವುದು, ಅವ್ವ ಹಿಂಡಿ ಕಳಿಸುವುದು. ಯಾರೂ ಬರೆದಿಡದ, ಯಾರೂ ಮುರಿಯದ ಕರಾರು.

ಈಗ ಶೇಂಗಾದ ಬೆಲೆ ಕೇಳಿ. ಬೇಡ, ಕೇಳಬೇಡಿ. ಒಂದೊಂದು ವಾರ ಒಂದೊಂದು ಹೇಳುತ್ತಾರೆ, ಇಳಿದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಮನೆಗೆ ಕಿಲೋಗಟ್ಟಲೆ ಬರುತ್ತಿದ್ದ ತೊಗರಿಬೇಳೆ ಪಾವ ಕಿಲೋಕ್ಕೆ ಇಳಿದಿದೆ. ಎಣ್ಣೆಯ ಡಬ್ಬಿ ಹೋಗಿ ಪಾಕೀಟು ಬಂದಿದೆ, ಅದರ ಮೂಲೆಯನ್ನು ಎಷ್ಟು ಸಣ್ಣಗೆ ಕತ್ತರಿಸಬೇಕೆಂಬುದೇ ಒಂದು ವಿದ್ಯೆಯಾಗಿದೆ. ಟೊಮೆಟೊ ಏರಿದರೆ ಹುಣಸೆಹಣ್ಣು, ಹುಣಸೆ ಏರಿದರೆ ಒಣಗಿದ ಮುರುಗಲ ಸಿಪ್ಪೆ, ಹೀಗೆ ನಮ್ಮ ಸಾರಿನ ಹುಳಿ ಊರೂರು ಅಲೆಯುತ್ತದೆ. ರವಿವಾರದ ಸಂತೆಗೆ ಬೆಳಿಗ್ಗೆ ಹೋಗುತ್ತಿದ್ದ ಅವ್ವ ಈಗ ಸಂತೆ ಏಳುವ ಹೊತ್ತಿಗೆ ಹೋಗುತ್ತಾಳೆ. ಬಾಡಿದ ಸೊಪ್ಪನ್ನು ವ್ಯಾಪಾರಿಗಳು ಹೊತ್ತು ಮರಳುವ ಬದಲು ಹೇಗೋ ಕೊಟ್ಟುಬಿಡುತ್ತಾರೆಂದು.

ನಾನೋ ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮುಗಿಸಿದವಳು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಹಣದುಬ್ಬರದ ಪ್ರಶ್ನೆಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದಿದ್ದೆ. ಆ ನಾಲ್ಕು ಪುಟದಲ್ಲಿ ನೆರೆಮನೆಯ ಬಟ್ಟಲಿಗೆ ಏನು ಹಾಕಬೇಕೆಂಬ ಮಾತೇ ಇರಲಿಲ್ಲ. ಆ ಪರೀಕ್ಷೆಗೆ ಓದಿದ್ದಾದರೂ ಎಲ್ಲಿ? ನಮ್ಮ ಒಂದೇ ಕೋಣೆಯಲ್ಲಿ ಜಾಗವಿಲ್ಲದೆ ಮಾವಶಿಯ ಹಿತ್ತಲ ಕಟ್ಟೆಯ ಮೇಲೆ. ಇದೇ ಬಟ್ಟಲಿನಲ್ಲಿ ಆಕೆ ಗಂಜಿ ತಂದು ಪುಸ್ತಕದ ಪಕ್ಕ ಇಡುತ್ತಿದ್ದಳು.

ಅಂಥವಳನ್ನು ಈಗ ಅವ್ವ ತಪ್ಪಿಸಿಕೊಂಡು ತಿರುಗತೊಡಗಿದ್ದಳು. ಮಾವಶಿ ನಳದ ಹತ್ತಿರ ಬಂದರೆ ಅವ್ವನಿಗೆ ಒಳಗೆ ಒಲೆಯ ಮೇಲೇನೋ ಹೊತ್ತಿದ ನೆನಪಾಗುತ್ತಿತ್ತು. ಅರ್ಧ ಬಟ್ಟಲು ಹಿಂಡಿ ಕೊಡು ಎಂದರೆ ಅರ್ಧ ಕೊಡುವುದು ಅವಮಾನವಂತೆ. ರೇಗಿ ಒಂದು ದಿನ ಜೊಯಿಡಾದ ನನ್ನ ಕಚೇರಿಯಿಂದ ಬರುವಾಗ ಬಿಸ್ಕೀಟು ಪಾಕೀಟು ತಂದು ಬಟ್ಟಲೊಳಗಿಟ್ಟೆ. ಓದು ಬಾರದ ಅವ್ವ ಪಾಕೀಟನ್ನು ಅಂಗೈಯಲ್ಲಿ ತೂಗಿ ನೋಡಿದಳು.

"ಇದು ಮೊದಲಿನಷ್ಟು ಇಲ್ಲವ್ವಾ. ರೊಕ್ಕ ಅಷ್ಟ ತೊಗೊಂಡು ಒಳಗ ಕಡಿಮಿ ಮಾಡ್ಯಾರ. ಇಂಥಾ ಕಳ್ಳ ಕೆಲಸ ನಾ ಮೇರಿ ಸಂಗಾಟ ಮಾಡಲ್ಯಾ?"

ಪಾಕೀಟಿನ ಹಿಂಬದಿಯಲ್ಲಿ ಅಚ್ಚಾದ ಗ್ರಾಮಿನ ಅಂಕಿಯನ್ನು ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಹಳೆಯ ಪಾಕೀಟಿನ ಹಾಳೆ ಡಬ್ಬಿಯೊಂದರ ತಳಕ್ಕೆ ಹಾಸಿತ್ತು. ಹೋಲಿಸಿದೆ. ಅವ್ವನ ಅಂಗೈ ಸರಿಯಾಗಿತ್ತು.

ಸಾಕಾಗಿ ಹೋಯಿತು ನನಗೆ. ಮರುದಿನ ಅವ್ವ ಸಂತೆಗೆ ಹೋದಾಗ ಡಬ್ಬಿಯಲ್ಲಿದ್ದ ಹಿಂಡಿಯನ್ನು ಬಟ್ಟಲಿಗೆ ಸುರಿದೆ. ಅರ್ಧಕ್ಕಿಂತ ಕೆಳಗೇ ನಿಂತಿತು. ಹಾಗೆಯೇ ಒಯ್ದು ಮಾವಶಿಯ ಮುಂದೆ ಹಿಡಿದೆ.

"ಮಾವಶಿ, ಶೇಂಗಾ ತುಟ್ಟಿ ಆಗ್ಯಾವ್ರಿ. ಇಷ್ಟ ಐತಿ. ಅವ್ವಗ ಹೇಳಬ್ಯಾಡ್ರಿ."

ಮಾವಶಿ ಬಟ್ಟಲನ್ನೂ ನನ್ನನ್ನೂ ನೋಡಿ, ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ನಿಮ್ಮವ್ವ ಸಿಟ್ಟಾಗ್ಯಾಳ ಅಂದ್ಕೊಂಡಿದ್ದೆ ಮಗಾ. ಖರೇ ಹೇಳಲಾ? ಬಟ್ಟಲ ಜಲ್ದಿ ಬರಬಾರದು ಅಂತ ನಾನೂ ಬೇಡಿಕೊಳ್ಳಾಕತ್ತಿದ್ದೆ. ಬಂದ್ರ ಮತ್ತ ತುಂಬಿ ಕಳಿಸಬೇಕಲ್ಲ. ಕಡುಬಿನ ಕೊಬ್ಬರಿ ಏನು ಪುಗಸಟ್ಟೆ ಬರತೈತೇನು?"

ಗೆಳೆಯರೇ, ನನಗೆ ನಗು ಬರಲಿಲ್ಲ. ಮೂರು ವಾರ ಗೋಡೆಯ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು, ಒಂದೇ ಸಂಕಟವನ್ನು ಒಬ್ಬರಿಗೊಬ್ಬರು ಕಾಣದಂತೆ ಮುಚ್ಚಿಟ್ಟುಕೊಂಡಿದ್ದರು. ಬೇಳೆ ಕಡಿಮೆ ತಿನ್ನಬಹುದು, ಎಣ್ಣೆಯ ಹನಿ ಎಣಿಸಬಹುದು, ನಾಲಿಗೆ ಎಲ್ಲಕ್ಕೂ ಒಗ್ಗುತ್ತದೆ. ಆದರೆ ಕೊಡಲಾಗದ ನಾಚಿಕೆಗೆ ಮನುಷ್ಯರು ಮುಖ ತಪ್ಪಿಸಲು ಕಲಿತರೆ, ಆ ತುಟ್ಟಿಗೆ ಬದಲಿ ಸಾಮಾನು ಯಾವ ಸಂತೆಯಲ್ಲಿದೆ?

ನಾಲ್ಕನೆಯ ದಿನ ಸಂಜೆ ಮಾವಶಿ ತಾನೇ ಬಂದಳು. ಕೈಯಲ್ಲಿ ಆ ಬಟ್ಟಲು ಇರಲಿಲ್ಲ. ಮೊಮ್ಮಗಳಿಗೆ ತುಪ್ಪ ಅನ್ನ ಉಣಿಸುವ, ನನ್ನ ಮುಷ್ಟಿಯಷ್ಟೇ ಆಗುವ ಪುಟ್ಟ ಬಟ್ಟಲಿತ್ತು. ಅದರಲ್ಲಿ ಎರಡೇ ಕಡುಬು, ಅಂಚಿಗೆ ಒತ್ತಿಕೊಂಡು, ತುಂಬಿ ತುಳುಕುವಂತೆ. "ಇನ್ನ ಮ್ಯಾಲ ಇದ ಅಡ್ಡಾಡ್ಲಿ," ಎಂದಳು.

ಅವ್ವ ಅದನ್ನು ಇಸಿದುಕೊಂಡು ಅಂಗೈಯಲ್ಲಿ ತೂಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಹಿಂಡಿಯ ಡಬ್ಬಿ ಬರಿದು ಮಾಡಿದ ಕಳ್ಳಿ ಯಾರೆಂದು ತನಗೆ ಅವತ್ತೇ ತಿಳಿದಿತ್ತೆಂದು ಬೈದಳು. ಬೈಯುತ್ತಲೇ ಚಹಾಕ್ಕೆ ಮೂರು ಲೋಟ ನೀರಿಟ್ಟಳು.

ಹಲಗೆಯ ಮೇಲೆ ಈಗ ಆ ಪುಟ್ಟ ಬಟ್ಟಲು ಬೋರಲಾಗಿದೆ. ಶೇಂಗಾ ಇಳಿದಿಲ್ಲ, ಇಳಿಯುವ ಲಕ್ಷಣವೂ ಇಲ್ಲ. ಆದರೂ ನಾಲ್ಕು ಚಮಚ ಹಿಂಡಿ ಹಾಕಿದರೆ ಅದು ಗೋಪುರವಾಗುತ್ತದೆ.